ತಳಿವಿಜ್ಞಾನದ ಮೂರು ಕೋರ್ಸುಗಳು ಮತ್ತು ಕೊಡಗಿನ ಮಳೆಗಾಲ

ಕಳೆದ ಮೂರು ವರ್ಷಗಳಲ್ಲಿ ತಳಿವಿಜ್ಞಾನ ಮತ್ತು ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ಅಧ್ಯಯನದ ಮೂರು ಕೋರ್ಸುಗಳಿಗೆ ನಾನು ಸೇರಿದ್ದೇನೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಒಂದು ವರ್ಷದ ಆನ್‌ಲೈನ್ ಸ್ನಾತಕೋತ್ತರ ಡಿಪ್ಲೊಮಾ, ಇನ್ನೊಂದು ಐಐಟಿಗಳ ಆನ್‌ಲೈನ್ ಪಾಠಯೋಜನೆಯಾದ ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸು, ಮತ್ತೊಂದು ಕೋರ್ಸೆರಾ ಎಂಬ ಆನ್‌ಲೈನ್ ವೇದಿಕೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಕಲಿಸುವ, ಡಿಎನ್‌ಎ ಅನುಕ್ರಮವನ್ನು ಓದುವ ಅಲ್ಗಾರಿದಮ್‌ಗಳ ಕೋರ್ಸು. ಡಿಪ್ಲೊಮಾಕ್ಕೆ ₹72,000 ಕಟ್ಟಿದೆ. ಎನ್‌ಪಿಟಿಇಎಲ್ ಪರೀಕ್ಷೆಗೆ ₹1,000. ಕೋರ್ಸೆರಾಕ್ಕೆ ಒಂದು ತಿಂಗಳ ಚಂದಾ. ನನಗೆ ವಿದ್ಯೆ ದಕ್ಕಿದ್ದು ಸಾವಿರ ರೂಪಾಯಿಯ ಕೋರ್ಸಿನಿಂದ. ಕಾಲೇಜಿನ ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ತಳಿವಿಜ್ಞಾನ ಕಲಿಯಲು ಯಾವ ಕೋರ್ಸಿಗೆ ಸೇರಬೇಕೆಂದು ಪ್ರತಿ ವರ್ಷ ಕೇಳುವುದರಿಂದ, ಹಾಗೇಕೆ ಆಯಿತೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಪೊನ್ನಂಪೇಟೆಯ ಹತ್ತಿರದ ಹಳ್ಳಿಯಲ್ಲಿದ್ದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆಗೆ ನಾಲ್ಕು ಎಕರೆ ಕಾಫಿ ತೋಟವಿದೆ, ಬಹುಪಾಲು ರೋಬಸ್ಟಾ. ಕೋರ್ಸು ಹುಡುಕಲು ಹೊರಟದ್ದಕ್ಕೆ ಮೂಲ ಅವ್ವನ ಒಂದು ಪ್ರಶ್ನೆ. ತೋಟದಲ್ಲಿ ಅತಿ ಹೆಚ್ಚು ಫಸಲು ಕೊಡುವ ಗಿಡವೊಂದನ್ನು ಗುರುತಿಟ್ಟು, ಅದರ ಹಣ್ಣನ್ನೇ ಆರಿಸಿ ಬೀಜ ಮಾಡಿ ಅವರು ಸಸಿ ಎಬ್ಬಿಸಿದ್ದರು. ಐದು ವರ್ಷ ಕಳೆದು ಫಸಲು ಬಂದಾಗ ಆ ಸಾಲಿನ ಒಂದು ಗಿಡವೂ ತಾಯಿಗಿಡದಂತಿರಲಿಲ್ಲ. ಒಂದರಲ್ಲಿ ಗೊಂಚಲು ತುಂಬಿದ್ದರೆ ಪಕ್ಕದ್ದರಲ್ಲಿ ಬರೀ ಎಲೆ. ಬೀಜ ಒಂದೇ ಗಿಡದ್ದಾದರೂ ಮಕ್ಕಳು ಹೀಗೇಕೆ ಎಂದು ಅವರು ಕೇಳಿದಾಗ ನಾನು ಮೆಂಡಲನ ಬಟಾಣಿಯನ್ನು ನೆನೆಸಿಕೊಂಡು ಏನೋ ಹೇಳಿದೆ. ಆ ಉತ್ತರ ಅವರಿಗೂ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ.

ದುಬಾರಿಯಾದದ್ದು ಆಳವಾಗಿಯೂ ಇರುತ್ತದೆಂದು ನಂಬಿ ಮೊದಲು ಡಿಪ್ಲೊಮಾಕ್ಕೆ ಸೇರಿದೆ. ಅದರ ಪಠ್ಯಕ್ರಮ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಎರಡನೆಯ ತಿಂಗಳಿಗೇ ಪಾಠಗಳು ಅನುವಂಶೀಯತೆಯನ್ನು ಬಿಟ್ಟು ಸಾಫ್ಟ್‌ವೇರಿನ ಆಜ್ಞೆಗಳತ್ತ ಹೊರಳಿದವು. ಯಾವ ಆಜ್ಞೆಯ ನಂತರ ಯಾವುದನ್ನು ಟೈಪ್ ಮಾಡಬೇಕೆಂದು ಹೇಳುತ್ತಿದ್ದರೇ ವಿನಾ, ಅದರಿಂದ ಬರುವ ಫಲಿತಾಂಶ ವಂಶವಾಹಿಯ ಬಗ್ಗೆ ಏನು ಹೇಳುತ್ತದೆಂಬುದನ್ನು ಹೇಳುತ್ತಿರಲಿಲ್ಲ. ಅದನ್ನಾದರೂ ನಾನು ಪುಸ್ತಕ ಓದಿ ತುಂಬಿಸಿಕೊಳ್ಳಬಹುದಿತ್ತು. ನನ್ನನ್ನು ಸೋಲಿಸಿದ್ದು ಬೇರೆ.

ಆ ಡಿಪ್ಲೊಮಾದ ಪ್ರಾಯೋಗಿಕ ಕೆಲಸವೆಲ್ಲ ಅವರದೇ ಸರ್ವರಿನಲ್ಲಿ, ಬ್ರೌಸರಿನ ಮೂಲಕವೇ ನಡೆಯಬೇಕಿತ್ತು. ದತ್ತಾಂಶವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅನುಮತಿ ಇರಲಿಲ್ಲ. ಸಂಪರ್ಕ ಹತ್ತು ನಿಮಿಷ ಕಡಿದರೆ ಖಾತೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಜೊತೆಗೆ ನಡೆಯುತ್ತಿದ್ದ ವಿಶ್ಲೇಷಣೆಯೂ ನಿಂತು, ಅಷ್ಟರವರೆಗಿನ ಫಲಿತಾಂಶವೂ ಅಳಿಸಿಹೋಗುತ್ತಿತ್ತು. ಬೆಂಗಳೂರಿನಲ್ಲಿ ಕುಳಿತವರಿಗೆ ಇದೊಂದು ತೊಂದರೆಯೆಂದು ತೋರದಿರಬಹುದು. ದಕ್ಷಿಣ ಕೊಡಗಿನ ಕಕ್ಕಡ ಮಾಸದ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಿನ, ಮಾತೇ ಬೇರೆ. ಸಿಲ್ವರ್ ಓಕಿನ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಕರೆಂಟು ಹೋಗಿ ಕೆಲವು ಗಂಟೆಗಳಾದರೆ ಟವರಿನ ಬ್ಯಾಟರಿಯೂ ಮುಗಿದು ಮೊಬೈಲಿನಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ.

ಜುಲೈ ಕೊನೆಯ ಒಂದು ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಾನವ ಜೀನೋಮಿನ ಒಂದು ಮಾದರಿಯಲ್ಲಿ, ಹೋಲಿಕೆಗೆಂದು ಇಟ್ಟುಕೊಳ್ಳುವ ಆಧಾರ ಜೀನೋಮಿಗಿಂತ ಭಿನ್ನವಾದ ಡಿಎನ್‌ಎ ಅಕ್ಷರಗಳನ್ನು (ಎ, ಸಿ, ಜಿ, ಟಿ) ಗುರುತಿಸುವುದು ಆ ವಾರದ ಕೆಲಸವಾಗಿತ್ತು. ಅಟ್ಟದ ಕಿಟಕಿಯ ಸಂದಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿದ್ದುದರಿಂದ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲ್ಲಿ ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದೆ. ಪ್ರೋಗ್ರಾಮು ಒಂದೊಂದೇ ವರ್ಣತಂತುವನ್ನು (ಕ್ರೋಮೊಸೋಮನ್ನು) ಮುಗಿಸಿ ಅದರ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸುತ್ತ ಹೋಗುತ್ತಿತ್ತು. ಸಂಜೆ ಏಳಕ್ಕೆ ಆರಂಭಿಸಿದ್ದು ರಾತ್ರಿ ಒಂದರ ಹೊತ್ತಿಗೆ 14ನೆಯ ವರ್ಣತಂತುವಿಗೆ ಬಂದಿತ್ತು. ಆಗ ಗಾಳಿ ಎದ್ದು ಸಿಗ್ನಲ್ ಹೋಯಿತು. ಮರುದಿನ ಮಧ್ಯಾಹ್ನ ಗೋಣಿಕೊಪ್ಪಲಿಗೆ ಹೋಗಿ ಖಾತೆ ತೆರೆದು ನೋಡಿದರೆ ಒಂದನೆಯ ವರ್ಣತಂತುವಿನ ಫಲಿತಾಂಶವೂ ಇರಲಿಲ್ಲ. ಹೀಗೆ ಮೂರು ಸಲ ಆಯಿತು.

ಸಂಪರ್ಕ ಕಡಿದರೂ ಸರ್ವರಿನಲ್ಲಿ ಕೆಲಸ ಮುಂದುವರಿಯುವಂತೆ ಮಾಡುವ ಸರಳ ಉಪಕರಣಗಳು ಲಿನಕ್ಸಿನಲ್ಲಿ ಎಂದಿನಿಂದಲೂ ಇವೆ. ‘ಸ್ಕ್ರೀನ್’ ಎಂಬುದು ಅವುಗಳಲ್ಲೊಂದು. ಇದು ನನಗೆ ತಿಳಿದದ್ದು ತಡವಾಗಿ. ತಿಳಿದು ಪ್ರಯತ್ನಿಸಿದಾಗ ವಿದ್ಯಾರ್ಥಿಗಳ ಖಾತೆಗಳಲ್ಲಿ ಅದನ್ನು ನಿಷೇಧಿಸಿರುವುದು ಗೊತ್ತಾಯಿತು. ನೆರವು ವಿಭಾಗಕ್ಕೆ ಬರೆದ ಪತ್ರಗಳಿಗೆಲ್ಲ ಬಂದ ಉತ್ತರ ಒಂದೇ: ತಂತಿಯ ಬ್ರಾಡ್‌ಬ್ಯಾಂಡ್ ಬಳಸಿರಿ. ಗಡುವನ್ನು ಅವರು ವಿಸ್ತರಿಸಲಿಲ್ಲ. ಮಳೆಗಾಲದ ಆ ಮೂರು ಪ್ರಯೋಗಗಳ ಅಂಕ ಹೋಯಿತು. ಅವುಗಳನ್ನು ಮತ್ತೆ ಸಲ್ಲಿಸಲು ₹3,500 ಮರುಶುಲ್ಕ ಕಟ್ಟಬೇಕೆಂದು ಸೂಚನೆ ಬಂತು. ಓದುವ ಮನಸ್ಸಿದ್ದೂ, ಹಣ ಕಟ್ಟಿದ್ದೂ, ಊರಿನ ಮಳೆಯ ಕಾರಣದಿಂದ ಒಬ್ಬ ವಿದ್ಯಾರ್ಥಿ ಹಿಂದುಳಿಯುವಂತೆ ಕೋರ್ಸನ್ನು ರೂಪಿಸುವುದು ಅನ್ಯಾಯವೆಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಮರು ವರ್ಷ ಅದೇ ಕಕ್ಕಡದಲ್ಲಿ ಎನ್‌ಪಿಟಿಇಎಲ್ ಕೋರ್ಸನ್ನು ಓದಿದೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಕೋರ್ಸುಗಳು ಈಗ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಸಿಗುತ್ತವೆ. ಸೇರಲು ಹಣ ಬೇಕಿಲ್ಲ; ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಪಾಠದ ವೀಡಿಯೊಗಳನ್ನೂ ಅವುಗಳ ಲಿಖಿತ ರೂಪವನ್ನೂ ಇಳಿಸಿಕೊಳ್ಳಬಹುದಾದ್ದರಿಂದ ನಾನು ವಾರಕ್ಕೊಮ್ಮೆ ಗೋಣಿಕೊಪ್ಪಲಿನ ಸಂತೆಗೆ ಹೋದಾಗ ಎಲ್ಲವನ್ನೂ ಫೋನಿಗೆ ತುಂಬಿಸಿಕೊಂಡು ಬರುತ್ತಿದ್ದೆ. ಪ್ರತಿ ವಾರದ ಪ್ರಶ್ನೆಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಲಾಟೀನಿನ ಬೆಳಕಿನಲ್ಲಿ ಬಿಡಿಸಿ, ನೆಟ್‌ವರ್ಕ್ ಬಂದಾಗ ಐದು ನಿಮಿಷದಲ್ಲಿ ಸಲ್ಲಿಸಿದರೆ ಆಯಿತು. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಸಲ್ಲಿಸಬಹುದು; ಕೊನೆಯ ಸಲದ್ದು ಲೆಕ್ಕಕ್ಕೆ ಬರುತ್ತದೆ.

ಇದಕ್ಕಿಂತ ಮುಖ್ಯವಾದುದು ಅಂಕದ ಲೆಕ್ಕಾಚಾರ. 12 ವಾರಗಳ ಕೋರ್ಸಿನಲ್ಲಿ ಅತ್ಯುತ್ತಮವಾದ 8 ಅಸೈನ್‌ಮೆಂಟುಗಳ ಸರಾಸರಿಯನ್ನು ಮಾತ್ರ 25 ಅಂಕಕ್ಕೆ ಪರಿಗಣಿಸುತ್ತಾರೆ, ಉಳಿದ 75 ಅಂಕ ಪರೀಕ್ಷೆಯದು. ನಾಲ್ಕು ವಾರ ಕರೆಂಟಿಲ್ಲದೆ ಹೋದರೂ ವಿದ್ಯಾರ್ಥಿಗೆ ನಷ್ಟವಿಲ್ಲ. ನನಗೆ ಎರಡು ವಾರ ತಪ್ಪಿತು, ಅಂಕ ಒಂದೂ ಕಡಿಮೆಯಾಗಲಿಲ್ಲ. ಪರೀಕ್ಷೆ ಕಾವೇರಿ ಸಂಕ್ರಮಣ ಕಳೆದ ಮೇಲೆ, ಮೈಸೂರಿನ ಕೇಂದ್ರದಲ್ಲಿ, ಕಂಪ್ಯೂಟರಿನ ಮುಂದೆ ಮೂರು ಗಂಟೆ. ಮೊದಲ ಬಸ್ಸಿನಲ್ಲಿ ತಿತಿಮತಿ, ಹುಣಸೂರು ಮಾರ್ಗವಾಗಿ ಹೋಗಿ ಸಂಜೆಗೆ ಮನೆ ಸೇರಿದೆ.

ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇದರ ತಳಪಾಯದಿಂದಲೇ. ಪಾಠ ಕಾಫಿಯದಾಗಿರಲಿಲ್ಲ, ಆದರೆ ಸ್ವಕೀಯ ಪರಾಗವನ್ನು ತಿರಸ್ಕರಿಸುವ ಸಸ್ಯಗಳ ವಂಶವಾಹಿಗಳನ್ನು ವಿವರಿಸಿದ ದಿನ ನಮ್ಮ ತೋಟವೇ ಕಣ್ಣ ಮುಂದೆ ಬಂತು. ರೋಬಸ್ಟಾದ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಗಾಳಿಯೂ ಜೇನುನೊಣವೂ ತರುವ ಪರಾಗ ಬೇರೆ ಗಿಡಗಳದು. ಅವ್ವ ಆರಿಸಿದ್ದು ತಾಯಿಯನ್ನು ಮಾತ್ರ. ತಂದೆ ಯಾರೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಉತ್ತಮ ರೋಬಸ್ಟಾ ಗಿಡವನ್ನು ಹಾಗೆಯೇ ಪಡೆಯಬೇಕಾದರೆ ಕಸಿ ಕಟ್ಟಬೇಕು ಅಥವಾ ಕಾಂಡದ ತುಂಡಿನಿಂದ ಬೆಳೆಸಬೇಕು. ಅರೇಬಿಕಾ ಹಾಗಲ್ಲ, ಅದು ತನ್ನದೇ ಪರಾಗವನ್ನು ಸ್ವೀಕರಿಸುತ್ತದೆ. ರೋಬಸ್ಟಾದ 22 ವರ್ಣತಂತುಗಳ ಎದುರು ಅದರಲ್ಲಿ 44 ಇವೆ, ಏಕೆಂದರೆ ಅದು ರೋಬಸ್ಟಾ ಮತ್ತು ಯುಜೆನಿಯಾಯ್ಡಿಸ್ ಎಂಬ ಎರಡು ಪ್ರಭೇದಗಳು ನಿಸರ್ಗದಲ್ಲೇ ಕೂಡಿ ಹುಟ್ಟಿದ್ದು. ಇನ್ನು ಕೊಡಗಿನ ಕಿತ್ತಳೆಯ ಬೀಜವನ್ನು ನೆಟ್ಟವರೆಲ್ಲ ನೋಡಿರುತ್ತಾರೆ, ಒಂದು ಬೀಜದಿಂದ ಎರಡು ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದವು, ಆದ್ದರಿಂದ ತಾಯಿಯ ಪಡಿಯಚ್ಚು. ಒಂದೇ ತೋಟದಲ್ಲಿ ಮೂರು ಬಗೆಯ ವಂಶಪದ್ಧತಿ ಇರುವುದನ್ನು ನಾನು ನಲವತ್ತು ದಾಟಿದ ಮೇಲೆ ಕಂಡೆ. ಈಗ ತರಗತಿಯಲ್ಲಿ ಬಟಾಣಿಗೆ ಮೊದಲು ಇದನ್ನೇ ಹೇಳುತ್ತೇನೆ.

ಜೀನೋಮ್ ದತ್ತಾಂಶವನ್ನು ಕೈಯಾರೆ ಬಿಡಿಸುವ ಕೆಲಸ ಎನ್‌ಪಿಟಿಇಎಲ್‌ನ ಆ ಕೋರ್ಸಿನಲ್ಲಿ ಇರಲಿಲ್ಲ. ಆ ಕೊರತೆಯನ್ನು ಜಾನ್ಸ್ ಹಾಪ್ಕಿನ್ಸ್ ಕೋರ್ಸು ತುಂಬಿಸಿತು. ಅಲ್ಲಿ ಅಭ್ಯಾಸಕ್ಕೆ ಕೊಡುವುದು ಲ್ಯಾಂಬ್ಡಾ ಎಂಬ, ಬ್ಯಾಕ್ಟೀರಿಯಾವನ್ನು ಕಾಡುವ ವೈರಸ್ಸಿನ ಜೀನೋಮು. ಅದರಲ್ಲಿರುವುದು 48,502 ಅಕ್ಷರಗಳು. ಮಾನವನ ಜೀನೋಮಿನಲ್ಲಿ 300 ಕೋಟಿಗೂ ಹೆಚ್ಚು. ಕಡತವನ್ನು ಒಮ್ಮೆ ಇಳಿಸಿಕೊಂಡರೆ ಹಳೆಯ ಲ್ಯಾಪ್‌ಟಾಪಿನಲ್ಲೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು, ಇಂಟರ್‌ನೆಟ್ ಇಲ್ಲದೆ, ತುಂಡು ತುಂಡಾದ ಅನುಕ್ರಮ ಎಲ್ಲಿ ಹೊಂದುತ್ತದೆಂದು ಹುಡುಕಬಹುದು. ಡಿಪ್ಲೊಮಾದವರು ಸರ್ವರಿನ ಬೀಗದೊಳಗೆ ಇಟ್ಟಿದ್ದ ತತ್ವ ಇಷ್ಟು ಸಣ್ಣ ಕಡತದಲ್ಲಿ ಪೂರ್ತಿಯಾಗಿ ಅರ್ಥವಾಯಿತು. ಆದರೆ ಪೈಥಾನ್ ಗೊತ್ತಿಲ್ಲದವರು ಇದಕ್ಕೆ ನೇರವಾಗಿ ಕೈ ಹಾಕಬಾರದು. ನಾನು ಮೊದಲು ಬೇಸಿಗೆ ರಜೆಯ ಒಂದು ತಿಂಗಳು ಅದಕ್ಕೇ ಮೀಸಲಿಟ್ಟಿದ್ದೆ.

ಲೆಕ್ಕ ಬಿಡಿಸುವ ರುಚಿಯಿರುವವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮುಕ್ತ ಪಾಠಗಳಲ್ಲಿ 7.03 ಸಂಖ್ಯೆಯ ತಳಿವಿಜ್ಞಾನದ ಪ್ರಶ್ನೆಪತ್ರಿಕೆಗಳು ಉಚಿತವಾಗಿವೆ, ಪ್ರಮಾಣಪತ್ರ ಸಿಗುವುದಿಲ್ಲ.

ಬಿ.ಎಸ್ಸಿ. ಮುಗಿಸಿದ ಹುಡುಗರು ಹುಡುಗಿಯರು ಕೇಳಿದರೆ ನನ್ನ ಉತ್ತರ ಬೇರೆ. ಅವರಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಕಡೆ ಎರಡು ವರ್ಷದ ಪೂರ್ಣಾವಧಿ ಎಂ.ಎಸ್ಸಿ.ಯೇ ಸರಿ. ಅಲ್ಲಿ ಡ್ರೊಸೊಫಿಲಾ ಎಂಬ ಹಣ್ಣಿನ ನೊಣಗಳ ತಳಿಸಂಗ್ರಹ ಕೇಂದ್ರವೇ ಇದೆ. ನೊಣದ ಕಣ್ಣಿನ ಬಣ್ಣವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಕಲಿಯುವುದಕ್ಕೆ ಯಾವ ಆನ್‌ಲೈನ್ ಕೋರ್ಸೂ ಸಮನಲ್ಲ. ನನ್ನಂತೆ ಕೆಲಸ, ತೋಟ, ಮನೆಯ ನಡುವೆ ರಾತ್ರಿ ಒಂದೆರಡು ಗಂಟೆ ಮಾತ್ರ ಸಿಗುವವರು, ತಿಂಗಳ ಸಂಬಳದಲ್ಲಿ ಓದಿಗೆಂದು ದೊಡ್ಡ ಮೊತ್ತ ತೆಗೆದಿಡಲಾಗದವರು ಎನ್‌ಪಿಟಿಇಎಲ್‌ನಿಂದ ಆರಂಭಿಸಬೇಕು, ಅದು ಮುಗಿದ ಮೇಲೆ ಮಾತ್ರ ಕೋರ್ಸೆರಾದತ್ತ ಹೋಗಬೇಕು. ಡಿಪ್ಲೊಮಾಗಳಿಗೆ ಸೇರಲೇಬೇಕೆನ್ನುವವರು ಶುಲ್ಕ ಕಟ್ಟುವ ಮೊದಲು ಒಂದು ಮಾತನ್ನು ಲಿಖಿತವಾಗಿ ಕೇಳಿ ಪಡೆಯಲಿ: ಸಂಪರ್ಕ ಕಡಿದರೆ ಮಾಡಿದ ಕೆಲಸ ಉಳಿಯುತ್ತದೆಯೇ?

ಆ ಮೂರು ಪ್ರಯೋಗಗಳು ಬಾಕಿಯಿರುವುದರಿಂದ ಡಿಪ್ಲೊಮಾದ ಪ್ರಮಾಣಪತ್ರ ನನ್ನ ಕೈಗೆ ಇನ್ನೂ ಬಂದಿಲ್ಲ, ಮರುಶುಲ್ಕ ಕಟ್ಟಲು ಮಾರ್ಚ್‌ವರೆಗೆ ಅವಕಾಶವಿದೆ. ಕಟ್ಟುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ₹3,500ರಲ್ಲಿ ಎನ್‌ಪಿಟಿಇಎಲ್‌ನ ಮೂರು ಪರೀಕ್ಷೆಗಳ ಶುಲ್ಕ ಕಟ್ಟಿ, ಉಳಿದದ್ದನ್ನು ಮೈಸೂರಿನ ಬಸ್ಸಿಗೆ ಇಟ್ಟುಕೊಳ್ಳಬಹುದು. ಮೊದಲನೆಯದಕ್ಕೆ, ಮಾನವ ಆಣ್ವಿಕ ತಳಿವಿಜ್ಞಾನದ ಕೋರ್ಸಿಗೆ, ಹೋದ ವಾರ ಹೆಸರು ಬರೆಸಿದ್ದೇನೆ.