ಬೆಕ್ಕಿಗೆ ಮೂರು ಹೆಸರು: ಕಲಬುರಗಿಯ ಒಂದು ಲೈಬ್ರರಿ, ಭಾನುವಾರದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಲೈಬ್ರರಿಯ ಹೆಸರು ಬರೆಯುವುದಿಲ್ಲ. ಹೊಗಳಿಕೆ ಜೊತೆ ಬೈಗುಳವೂ ಇದೆ, ಅಲ್ಲಿನ ಮೇಡಂಗೆ ಸುಮ್ನೆ ಮೇಲಿನವರಿಂದ ಫೋನ್ ಬರುವುದು ಬೇಡ. ಕಲಬುರಗಿಯಲ್ಲಿ ನಮ್ಮ ಬಡಾವಣೆ ಹತ್ತಿರದ ಒಂದು ಶಾಖಾ ಗ್ರಂಥಾಲಯ ಅಂದುಕೊಳ್ಳಿ, ಸಾಕು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂವರೆ ತನಕ ಸಣ್ಣ ಮಕ್ಕಳಿಗೆ ಕಥೆ ಹೇಳುತ್ತಾರೆ. ಎರಡರಿಂದ ಐದು ವರ್ಷದವರಿಗೆ. ದುಡ್ಡಿಲ್ಲ, ಫಾರ್ಮ್ ಇಲ್ಲ. ಒಂದೇ ಷರತ್ತು: ಮಗುವನ್ನು ಬಿಟ್ಟು ಹೋಗುವ ಹಾಗಿಲ್ಲ, ಕರೆತಂದವರೂ ನೆಲದ ಮೇಲೆ ಕೂರಬೇಕು.

ಈ ಷರತ್ತೇ ನನಗೆ ಮೊದಲು ಸಿಟ್ಟು ತರಿಸಿದ್ದು. ನನ್ನ ಹೆಂಡತಿ ನರ್ಸ್, ತಿಂಗಳಲ್ಲಿ ಎರಡು ಭಾನುವಾರ ಡ್ಯೂಟಿ ಇರುತ್ತದೆ. ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳು. ಅವಳನ್ನು ಒಂದು ಗಂಟೆ ಅಲ್ಲಿ ಕೂರಿಸಿ ಸೂಪರ್ ಮಾರ್ಕೆಟ್ ಕಡೆ ಹೋಗಿ ವಾರದ ಕಾಯಿಪಲ್ಲೆ ತಂದುಬಿಡೋಣ ಅಂತ ನನ್ನ ಲೆಕ್ಕ. ಮೇಡಂ ಬಾಗಿಲಲ್ಲೇ ತಡೆದರು. "ಬಿಟ್ಟು ಹೋಗಂಗಿಲ್ರೀ ಸರ್, ನೀವೂ ಕುಂದರಬೇಕು." ಕೂತೆ. ಜಮಖಾನೆ ಮೇಲೆ ಹದಿನಾಲ್ಕು ಮಕ್ಕಳು, ಹತ್ತು-ಹನ್ನೆರಡು ಹೆಂಗಸರು, ಗಂಡಸು ಅಂದರೆ ನಾನೊಬ್ಬನೇ. ಅಲ್ಲಿಯವರೆಗೆ ಜೋರಾಗಿ ನಡೆದಿದ್ದ ಹರಟೆ ಗಪ್ ಅಂತ ನಿಂತಿತು. ಪಕ್ಕದ ಅಜ್ಜಿಯೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು: "ಯಾಕಪಾ ತಮ್ಮಾ, ಕೂಸಿನ ಅವ್ವ ಆರಾಮ ಅದಾಳಿಲ್ಲೋ?" ಆರಾಮ ಅದಾಳ ಅಜ್ಜಿ, ಡ್ಯೂಟಿಗೆ ಹೋಗ್ಯಾಳ ಅಂದ ಮೇಲೆ ಹರಟೆ ಮತ್ತೆ ಶುರುವಾಯಿತು.

ಈಗ ಕಥೆಗೆ ಬರುತ್ತೇನೆ. ಹದಿನಾರು ಪುಟದ ಪುಸ್ತಕ, ಪುಟಕ್ಕೊಂದು ಸಾಲು, ನಾನಾದರೆ ಎರಡು ನಿಮಿಷಕ್ಕೆ ಮುಗಿಸುತ್ತಿದ್ದೆ. ಮೇಡಂಗೆ ಮುಖಪುಟವೇ ಹತ್ತು ನಿಮಿಷ ಹಿಡಿಯಿತು. ಅದರ ಮೇಲೊಂದು ಬೆಕ್ಕಿನ ಚಿತ್ರ. ಹೆಸರು ಓದಲಿಲ್ಲ, ಸುಮ್ಮನೆ ಎತ್ತಿ ಹಿಡಿದು "ಇದೇನ್ರೋ?" ಅಂದರು. ಅರ್ಧ ಮಕ್ಕಳು "ಬೆಕ್ಕು" ಅಂದವು. ಮುಂದೆ ಕೂತಿದ್ದ ಒಂದು ಹುಡುಗಿ, ಮನೆಮಾತು ಉರ್ದು, "ಬಿಲ್ಲಿ!" ಅಂದಳು. ಆಗ ಹಿಂದಿನಿಂದ ಇನ್ನೊಬ್ಬ, ಅವರ ಮನೆಯವರು ಸೇಡಂ ಕಡೆಯವರು, ಮನೆಯಲ್ಲಿ ತೆಲುಗು, "ಪಿಲ್ಲಿ!" ಅಂದ. ಹುಡುಗಿಗೆ ಇವನು ತಪ್ಪು ಹೇಳುತ್ತಿದ್ದಾನೆ ಅನ್ನಿಸಿತು. ಎದ್ದು ಹೋಗಿ ಅವನ ಮುಂದೆ ನಿಂತು ತಿದ್ದಿದಳು, "ಪಿಲ್ಲಿ ನೈ, ಬಿಲ್ಲಿ." ಅವನು ಜಗ್ಗಲಿಲ್ಲ. ಬಿಲ್ಲಿ, ಪಿಲ್ಲಿ, ಬಿಲ್ಲಿ, ಪಿಲ್ಲಿ ಅಂತ ಜಗಳವೇ ಶುರುವಾಯಿತು. ಮೇಡಂ ಯಾರನ್ನೂ ತಿದ್ದಲಿಲ್ಲ. "ಮೂರೂ ಖರೇ ಅದಾವ. ಇದು ಯಾವ ಹೆಸರಿಗೆ ಓ ಅಂತದ ನೋಡೋಣ" ಅಂತ ಪುಸ್ತಕಕ್ಕೆ ಕಿವಿ ಹಚ್ಚಿ ಕೂತರು. ಮಕ್ಕಳೆಲ್ಲ ಮೂರೂ ಹೆಸರಲ್ಲಿ ಕೂಗಿದರು. ಬೆಕ್ಕು ಓ ಅನ್ನಲಿಲ್ಲ. ಆಗ ಹೊರಗಿನವರ ಮುಂದೆ ತುಟಿ ಬಿಚ್ಚದ ನನ್ನ ಮಗಳು, ನನ್ನ ತೊಡೆಯ ಮೇಲಿಂದಲೇ, ಸಣ್ಣಗೆ "ಮ್ಯಾಂವ್" ಅಂದಳು.

ಇನ್ನೊಂದು ಗಮನಿಸಿದೆ. ಪುಸ್ತಕದಲ್ಲಿ "ಅಮ್ಮ" ಅಂತ ಅಚ್ಚಾಗಿದ್ದರೂ ಮೇಡಂ "ಅವ್ವ" ಅಂತ ಓದುತ್ತಾರೆ. ದೋಸೆ ಬಂದರೆ ರೊಟ್ಟಿ ಆಗುತ್ತದೆ. ಕೇಳಿದ್ದಕ್ಕೆ, "ಮೊದಲ ಕೂಸಿಗೆ ತಿಳೀಬೇಕಲ್ರೀ, ಅಮ್ಮ ಅನ್ನೂದು ಶಾಲ್ಯಾಗ ಕಲೀತಾವ" ಅಂದರು. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ದೋಸೆಯ ಚಿತ್ರ ತೋರಿಸಿ ರೊಟ್ಟಿ ಅಂದರೆ ಹೇಗೆ? ಆದರೆ ಅವ್ವ ಅಂದಾಗ ಮಕ್ಕಳ ಮುಖ ಬದಲಾಗುವುದನ್ನು ನೋಡಿದ್ದೇನೆ, ಅದಕ್ಕೇ ವಾದ ಮಾಡಲಿಲ್ಲ.

ಕಡೆಯ ಹದಿನೈದು ನಿಮಿಷ ಮೇಡಂ ಸುಮ್ಮನಾಗಿಬಿಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಟ್ಟು, ನಿಮ್ಮ ಮಗುವಿಗೆ ನೀವೇ ಹೇಳಿ ಅನ್ನುತ್ತಾರೆ. ನನಗೆ ಬಂದದ್ದು ಎಮ್ಮೆಯ ಪುಸ್ತಕ. ಬ್ಯಾಂಕಿನಲ್ಲಿ ಸುತ್ತೋಲೆ ಓದುವ ಹಾಗೆ ಗಡಗಡ ಓದಿ ಮುಗಿಸಿದೆ. ಮಗಳು ಪುಸ್ತಕ ಮುಚ್ಚಿ, ಎತ್ತಿಕೊಂಡು, ಸೀದಾ ಆ ಅಜ್ಜಿಯ ಹತ್ತಿರ ಹೋದಳು. ಅಜ್ಜಿಗೆ ಓದಲು ಬರುವುದಿಲ್ಲ. ಚಿತ್ರ ನೋಡಿ, "ಅಲ್ಲವ್ವಾ, ಈ ಎಮ್ಮಿ ನೀರಾಗಿಂದ ಮ್ಯಾಲ ಯಾಕ ಬರವಲ್ದು?" ಅಂದರು. ಮಗಳು ಸ್ವಲ್ಪ ಯೋಚನೆ ಮಾಡಿ, "ಬಿಸಿಲು" ಅಂದಳು. ಚಿತ್ರದಲ್ಲಿ ಸೂರ್ಯ ಇರಲೇ ಇಲ್ಲ. ಆಮೇಲೆ ಇಬ್ಬರೂ ಎಮ್ಮೆಗೆ ಕೊಡೆ ಹಿಡಿಯುವವರು ಯಾರು ಅಂತ ಮಾತಾಡುತ್ತಾ ಕೂತರು. ನಾನು ಅವರಿಬ್ಬರ ಚಪ್ಪಲಿ ಕಾಯುತ್ತಾ ಕೂತೆ.

ಮನೆಗೆ ಬಂದು ಓದಿದಾಗ ಗೊತ್ತಾಯಿತು, ದೊಡ್ಡವರೂ ಕೂರಬೇಕು ಅನ್ನುವುದು ಮೇಡಂ ಒಬ್ಬರ ಹಟ ಅಲ್ಲ. ಅಮೆರಿಕದ ಲೈಬ್ರರಿ ಸಂಘಗಳು 2004ರಲ್ಲಿ ಶುರುಮಾಡಿದ 'ಎವ್ರಿ ಚೈಲ್ಡ್ ರೆಡಿ ಟು ರೀಡ್' ಅಂತ ಒಂದು ಕಾರ್ಯಕ್ರಮ ಇದೆ. 2011ರಲ್ಲಿ ಅದನ್ನು ತಿದ್ದಿ ಐದು ಕೆಲಸಕ್ಕೆ ಇಳಿಸಿದರು: ಮಾತಾಡಿ, ಹಾಡಿ, ಓದಿ, ಬರೆಯಿರಿ, ಆಡಿ. ಅದರ ಪಾಠ ಮಕ್ಕಳಿಗಲ್ಲ, ಕರೆತಂದ ದೊಡ್ಡವರಿಗೆ. ಲೈಬ್ರರಿಗೆ ಮಗು ಬರುವುದು ವಾರಕ್ಕೆ ಒಂದು ಗಂಟೆ, ಉಳಿದ ಹೊತ್ತೆಲ್ಲ ನಮ್ಮ ಜೊತೆಗೇ ಇರುತ್ತದೆ, ಅಲ್ವಾ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲೇ 300 ಮನೆಗಳ ಹಸುಗೂಸುಗಳಿಗೆ ಪುಸ್ತಕ ಕೊಟ್ಟು 'ಬುಕ್‌ಸ್ಟಾರ್ಟ್' ಶುರುಮಾಡಿದರಂತೆ. ನಮ್ಮ ಲೈಬ್ರರಿಯಲ್ಲಿ ಬರೆಯುವುದು ಅಂದರೆ ಪಾಟಿ ಮತ್ತು ಬಳಪ. ಗೀಚಿದ್ದೇ ಬರಹ. ಹಾಡುವುದಕ್ಕೆ ಅಜ್ಜಿಯರಿದ್ದಾರೆ, ನಿಲ್ಲಿಸುವುದೇ ಕಷ್ಟ.

ಇನ್ನು ಬೈಗುಳ. ಪುಸ್ತಕ ಕಮ್ಮಿ, ಇರುವುದೂ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ. ಕಪಾಟಿನ ಮೇಲೆ "ಪುಸ್ತಕ ಹರಿದರೆ ದಂಡ" ಅಂತ ಚೀಟಿ. ಅದನ್ನು ನೋಡಿ ಅರ್ಧ ತಾಯಂದಿರು ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತಾರೆ. ಎರಡು ವರ್ಷದ ಮಗು ಪುಸ್ತಕ ಕಚ್ಚುತ್ತದೆ, ಎಳೆಯುತ್ತದೆ, ಅದಕ್ಕೇ ದಪ್ಪ ರಟ್ಟಿನ ಹಾಳೆಯ ಪುಸ್ತಕ ಅಂತ ಮಾಡುವುದು. ಅಂಥದ್ದು ಇಲ್ಲಿ ಒಂದೂ ಇಲ್ಲ. ಮೇಡಂ ತಾವೇ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಅನ್ನುವ ಜಾಲತಾಣದಿಂದ ಕನ್ನಡ ಕಥೆಗಳನ್ನು ಇಳಿಸಿಕೊಂಡು, ಪ್ರಿಂಟ್ ತೆಗೆಸಿ, ಹಳೇ ಕ್ಯಾಲೆಂಡರ್ ರಟ್ಟಿಗೆ ಅಂಟಿಸಿ ತರುತ್ತಾರೆ. ಆ ಕಥೆಗಳನ್ನು ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ನಿಜ. ಆದರೆ ಪ್ರಿಂಟ್ ಬಿಟ್ಟಿ ಅಲ್ಲವಲ್ಲ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 6 ಗ್ರಂಥಾಲಯ ಕರ ಅಂತ ಕಟ್ಟುತ್ತೇವೆ, ರಸೀದಿ ತೆಗೆದು ನೋಡಿ. ಆ ದುಡ್ಡಲ್ಲಿ ಹತ್ತು ರಟ್ಟಿನ ಪುಸ್ತಕ ಬರಲಾರದೇ?

ಮಗಳ ಹೆಸರಲ್ಲಿ ಕಾರ್ಡ್ ಕೇಳಿದೆ, ಇಷ್ಟು ಸಣ್ಣವರಿಗೆ ಕೊಡುವುದಿಲ್ಲ ಅಂದರು. ಹಳ್ಳಿಗಳ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಟ್ಟರು, ಅದೂ 6ರಿಂದ 18 ವರ್ಷದವರಿಗೆ. ಆರಕ್ಕಿಂತ ಸಣ್ಣವರು ಅಲ್ಲೂ ಲೆಕ್ಕಕ್ಕಿಲ್ಲ. ನನ್ನ ಕಾರ್ಡಿನಲ್ಲೇ ಪುಸ್ತಕ ತಂದೆ, ಮಗಳು ಮಾತ್ರ "ನನ್ನ ಕಾರ್ಡ್" ಅನ್ನುತ್ತಾಳೆ.

ದೊಡ್ಡ ತಂಟೆ ಅಂದರೆ ಸದ್ದು. ಪಕ್ಕದ ಕೋಣೆ ತುಂಬ ಪಿಎಸ್‌ಐ, ಎಫ್‌ಡಿಎ ಅಂತ ಪರೀಕ್ಷೆಗೆ ಓದುವ ಹುಡುಗರು. ಒಬ್ಬ ಹೊರಗೆ ಬಂದು ಕೈಮುಗಿದ, "ಮೇಡಂ, ಇಪ್ಪತ್ತು ದಿನಕ್ಕ ಪರೀಕ್ಷೆ ಅದರೀ." ಅಫಜಲಪುರ ಕಡೆಯಿಂದ ಬಂದು ರೂಮ್ ಮಾಡಿಕೊಂಡಿದ್ದಾನೆ, ಅವನ ಮಾತಲ್ಲಿ ತಪ್ಪೇನಿದೆ? ನಾವು ವರಾಂಡಕ್ಕೆ ಎದ್ದೆವು. ಅಲ್ಲಿ ಫ್ಯಾನ್ ಇಲ್ಲ. ಲೈಬ್ರರಿ ಕಟ್ಟುವವರು ಈ ಇಬ್ಬರನ್ನೂ ಒಂದೇ ಗೋಡೆಗೆ ಕೂರಿಸಬಾರದಿತ್ತು, ಅಷ್ಟೇ.

ಮತ್ತೆ ಒಂದು ಸಲ ಮೇಡಂ ತರಬೇತಿಗೆ ಹೋಗಿದ್ದರು. ಎರಡು ವಾರ ಕಥೆ ಇಲ್ಲ, ಬಾಗಿಲ ಮೇಲೆ ಒಂದು ಚೀಟಿಯೂ ಇಲ್ಲ. ಬೈಕ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗಿ ಹಾಗೇ ವಾಪಸ್ ಬಂದೆವು, ದಾರಿಯುದ್ದಕ್ಕೂ ಅಳು. ಕಪಾಟಿನ ಬೀಗದ ಕೈ ಕೂಡ ಅವರ ಹತ್ತಿರವೇ ಇತ್ತಂತೆ. ಒಬ್ಬರ ಮೇಲೇ ನಿಂತಿರುವ ಕಾರ್ಯಕ್ರಮ ಇದು, ನಾಳೆ ಅವರಿಗೆ ವರ್ಗ ಆದರೆ ಮುಗಿಯಿತು. ಐದರಲ್ಲಿ ಮೂರೂವರೆ ಕೊಡುತ್ತೇನೆ, ಮೂರು ಮೇಡಂಗೆ, ಅರ್ಧ ಅಜ್ಜಿಗೆ.

ಹೋಗುವವರಿಗೆ: ನೀರಿನ ಬಾಟಲಿ ಒಯ್ಯಿರಿ, ಅಲ್ಲಿನ ನೀರಿನ ಯಂತ್ರ ಕೆಟ್ಟಿದೆ. ಶೌಚಾಲಯ ಮನೆಯಲ್ಲೇ ಮುಗಿಸಿಕೊಳ್ಳಿ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆಯುತ್ತವೆ, ಕಥೆಯೂ ಆಗ ಎಂಟಕ್ಕೇ ಶುರು, ಕೇಳಿಕೊಂಡು ಹೋಗಿ. ಫೋನ್ ಜೇಬಿನಲ್ಲಿರಲಿ, ತೆಗೆದರೆ ಮೇಡಂ ಮಕ್ಕಳ ಮುಂದೆಯೇ ಬೈಯುತ್ತಾರೆ, ನನಗೆ ಆಗಿದೆ. ಗೇಟಿನ ಎದುರು ಸುಸಲಾ (ಮಂಡಕ್ಕಿ ಒಗ್ಗರಣೆ)-ಮಿರ್ಚಿ ಗಾಡಿ ಹನ್ನೊಂದರ ತನಕ ಇರುತ್ತದೆ. ಮಕ್ಕಳಿಗೆ ಖಾರ ಕಮ್ಮಿ ಹಾಕು ಅಂದರೆ ಹಾಕಿಕೊಡುತ್ತಾನೆ.