ಕವರಿನ ಮೇಲೆ ‘ಗೌಪ್ಯ’ ಅಂತ ಬರೆದರೆ ಸಾಕು ಅಂದುಕೊಂಡವರಿಗೆ

ನೀವು ರಾಜ್ಯ ಸರ್ಕಾರಿ ನೌಕರರೇ? ನಿಮ್ಮ ಕಚೇರಿಯ ಅವ್ಯವಹಾರದ ಬಗ್ಗೆ ಇಲಾಖೆಯ ಜಾಗೃತ ಕೋಶಕ್ಕೆ ದೂರು ಬರೆಯಬೇಕು ಅಂತಿದ್ದೀರಾ? ಹಾಗಿದ್ದರೆ ಕವರು ಅಂಟಿಸುವ ಮೊದಲು ಇದನ್ನು ಓದಿ. ನಾನು ಜಿಲ್ಲಾ ಕಚೇರಿಯೊಂದರಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಇಲಾಖೆ ಯಾವುದು, ಜಿಲ್ಲೆ ಯಾವುದು ಅಂತ ಕೇಳಬೇಡಿ. ಈಗ ಬಂದಿರುವ ನೋಟಿಸಿಗೇ ಉತ್ತರ ಕೊಟ್ಟು ಮುಗಿದಿಲ್ಲ.

ಹಾಸ್ಟೆಲ್‌ಗಳಿಗೆ ಹಾಸಿಗೆ, ದಿಂಬು ಪೂರೈಸುವ ಟೆಂಡರಿನ ವಿಷಯ ಇದು. ಬಿಲ್ಲು ಸರ್ಕಾರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಪಾಸಾಗಿ ಗುತ್ತಿಗೆದಾರನ ಖಾತೆಗೆ ದುಡ್ಡು ಹೋಗಿತ್ತು. ದಾಸ್ತಾನು ವಹಿಯಲ್ಲಿ ಪೂರ್ತಿ ಮಾಲು ಬಂದಿದೆ ಅಂತ ನಮೂದಾಗಿತ್ತು. ಆದರೆ ವಾರ್ಡನ್‌ಗಳು ಕೊಟ್ಟಿದ್ದಾರೆ ಎನ್ನಲಾದ ಸ್ವೀಕೃತಿ ಪತ್ರಗಳಲ್ಲಿ ಎಲ್ಲಾ ಕಡೆ ಒಂದೇ ಕೈಬರಹ, ಒಂದೇ ತಾರೀಕು. ಬೇರೆ ಬೇರೆ ತಾಲ್ಲೂಕಿನ ಹಾಸ್ಟೆಲ್‌ಗಳಿಗೆಲ್ಲ ಒಂದೇ ದಿನ ಮಾಲು ಇಳಿಸಲು ಅದೇನು ರೈಲೇ? ಒಬ್ಬ ವಾರ್ಡನ್‌ಗೆ ಫೋನ್ ಮಾಡಿ ಕೇಳಿದೆ. “ಯಾವ ಹಾಸಿಗೆ ಸಾರ್? ನಮ್ಮಲ್ಲಿ ಇನ್ನೂ ಒಂದೊಂದು ಹಾಸಿಗೆ ಮೇಲೆ ಇಬ್ಬಿಬ್ಬರು ಹುಡುಗರು ಮಲಗ್ತಿದ್ದಾರೆ” ಅಂದರು.

ದೂರು ಕೊಡುವುದು ಹೇಗೆ ಅಂತ ಹೇಳುವ ಸುತ್ತೋಲೆಯೊಂದು ನಮ್ಮ ನೋಟಿಸ್ ಬೋರ್ಡಿನಲ್ಲಿಯೇ ಇತ್ತು. ದೂರು ಮುಚ್ಚಿದ ಲಕೋಟೆಯಲ್ಲಿರಬೇಕು. ಹೆಸರು, ಹುದ್ದೆ, ಕಚೇರಿ ವಿಳಾಸ, ಸಹಿ ಎಲ್ಲಾ ಇರಬೇಕು. ಮೂಗರ್ಜಿ ಪರಿಗಣಿಸುವುದಿಲ್ಲ. ಕೊನೆಯ ಸಾಲು: “ದೂರುದಾರರ ವಿವರಗಳನ್ನು ಗೌಪ್ಯವಾಗಿ ಇಡಲಾಗುವುದು.” ಯಾರು ಇಡಬೇಕು, ಹೇಗೆ ಇಡಬೇಕು, ಇಡದಿದ್ದರೆ ಅವರಿಗೇನಾಗುತ್ತದೆ? ಅದರ ಬಗ್ಗೆ ಒಂದಕ್ಷರವೂ ಇಲ್ಲ. ನಿಮ್ಮ ಇಲಾಖೆಯ ಸುತ್ತೋಲೆಯನ್ನೂ ಒಮ್ಮೆ ತೆಗೆದು ನೋಡಿ, ಹೀಗೇ ಇದ್ದರೆ ಆಶ್ಚರ್ಯವಿಲ್ಲ.

ಅದರಲ್ಲಿ ಹೇಳಿದಂತೆಯೇ ಬರೆದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ನನ್ನ ಲಕೋಟೆ ಒಡೆದದ್ದು ಜಾಗೃತ ಅಧಿಕಾರಿಯಲ್ಲ, ಟಪಾಲು ಶಾಖೆ. ದಿನಾ ಬರುವ ರಾಶಿಯ ಜೊತೆಗೇ ಅದನ್ನೂ ಒಡೆದು, ಸ್ಕ್ಯಾನ್ ಮಾಡಿ, ಕಡತಗಳು ಓಡಾಡುವ ಕಂಪ್ಯೂಟರ್ ವ್ಯವಸ್ಥೆಯಾದ ಇ-ಆಫೀಸ್‌ಗೆ ಏರಿಸಿದ್ದಾರೆ. ವಿಷಯದ ಕಾಲಮ್ಮಿನಲ್ಲಿ ನನ್ನ ಹೆಸರು, ಹುದ್ದೆ, ಊರು, ‘ಇವರು ಸಲ್ಲಿಸಿರುವ ದೂರಿನ ಬಗ್ಗೆ’. ಆ ಕಡತ ಯಾರ್ಯಾರ ಲಾಗಿನ್‌ಗೆ ಹೋಯಿತೋ ಅವರೆಲ್ಲ ಓದಿದ್ದಾರೆ. ಇನ್ನು ಜಾಗೃತ ಕೋಶ ಅಂದರೆ ದೊಡ್ಡ ತಂಡ ಅಂದುಕೊಂಡಿರಾ? ಅಲ್ಲ. ಒಬ್ಬ ಜಂಟಿ ನಿರ್ದೇಶಕರು ಮಾಮೂಲಿ ಕೆಲಸದ ಜೊತೆಗೆ ಅದರ ಪ್ರಭಾರವನ್ನೂ ಹೊತ್ತಿದ್ದರು, ಅಷ್ಟೇ. ಅವರು ನನ್ನ ಪತ್ರದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು ಬರೆದರು: “ಜಿಲ್ಲಾ ಅಧಿಕಾರಿ — ನಿಯಮಾನುಸಾರ ಪರಿಶೀಲಿಸಿ ವರದಿ ನೀಡುವುದು.”

ನನ್ನ ದೂರು ಇದ್ದದ್ದೇ ಆ ಜಿಲ್ಲಾ ಅಧಿಕಾರಿಯ ಮೇಲೆ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು.

ನನ್ನ ಪತ್ರ, ಲಗತ್ತುಗಳ ಸಮೇತ, ನಾನು ಕೂರುವ ಕಚೇರಿಗೇ ವಾಪಸ್ ಬಂತು. ಆವಕ ವಹಿಯಲ್ಲಿ ನಮೂದಿಸುವ ಮೇಡಂ ನನ್ನ ಟೇಬಲ್ಲಿಗೆ ಬಂದು, “ಅಣ್ಣ, ನಿಮ್ಮ ಸಹಿ ಇರೋ ಪತ್ರ ಸಾಹೇಬರ ಹೆಸರಿಗೆ ಬಂದಿದೆಯಲ್ಲ, ಏನಿದು?” ಅಂತ ಮೆಲ್ಲಗೆ ಕೇಳಿದರು. ವರದಿಯ ಕರಡು ಬರೆಯಲು ಸಾಹೇಬರು ಯಾರಿಗೆ ಹೇಳಿದರು ಗೊತ್ತಾ? ದಾಸ್ತಾನು ವಹಿಯಲ್ಲಿ ಆ ಸುಳ್ಳು ನಮೂದು ಮಾಡಿದ ವಿಷಯ ನಿರ್ವಾಹಕನಿಗೆ, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತನಿಗೆ!

ಯಾರೂ ಬೈಯಲಿಲ್ಲ, ಕೂಗಾಡಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಅದರ ಅಗತ್ಯವೂ ಇಲ್ಲ. ಮೊದಲು ನಾನು ನೋಡಿಕೊಳ್ಳುತ್ತಿದ್ದ ಕೆಲಸ ಬದಲಾಯಿತು, ಹಳೆ ಕಡತ ಇಡುವ ಅಭಿಲೇಖಾಲಯಕ್ಕೆ ಹಾಕಿದರು. ಆಮೇಲೆ ಕಾರಣ ಕೇಳಿ ನೋಟಿಸ್ ಬಂತು. ಅನುಮತಿ ಇಲ್ಲದೆ ಕಚೇರಿ ದಾಖಲೆಗಳ ನಕಲು ತೆಗೆದಿದ್ದೀರಿ, 2021ರ ನಡತೆ ನಿಯಮಗಳ ಉಲ್ಲಂಘನೆಯಾಗಿದೆ, 1957ರ ಸಿಸಿಎ (ಶಿಸ್ತುಕ್ರಮದ) ನಿಯಮಗಳಡಿ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಅಂತ. ಸಾಕ್ಷಿ ಲಗತ್ತಿಸಿ ಅನ್ನುವುದೂ ಅವರೇ, ಸಾಕ್ಷಿ ಎಲ್ಲಿಂದ ತಂದೆ ಅನ್ನುವುದೂ ಅವರೇ.

ಇದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ತಪಾಸಣೆಗೆ ತಾರೀಕು ಗೊತ್ತಾದ ಮೇಲೆ, ಅದರ ಹಿಂದಿನ ರಾತ್ರಿ, ಹಾಸ್ಟೆಲ್‌ಗಳ ಮುಂದೆ ಟೆಂಪೋ ನಿಂತವು. ಪ್ಲಾಸ್ಟಿಕ್ ಕವರು ಕೂಡ ತೆಗೆಯದ ಹಾಸಿಗೆಗಳು ಇಳಿದವು. ಬೆಳಿಗ್ಗೆ ತಪಾಸಣಾ ತಂಡ ಬಂದು ಎಣಿಸಿದರೆ ಲೆಕ್ಕ ಸರಿ. ‘ದೂರಿನಲ್ಲಿ ಹುರುಳಿಲ್ಲ’ ಅಂತ ವರದಿ ಹೋಯಿತು. ಹುಡುಗರಿಗೆ ಹಾಸಿಗೆಯಾದರೂ ಸಿಕ್ಕಿತಲ್ಲ ಅಂತ ಹೆಂಡತಿ ಸಮಾಧಾನ ಹೇಳಿದಳು. ಅದೂ ನಿಜವೇ ಅನ್ನಿ. ಆದರೆ ದೂರುದಾರನ ಹೆಸರು ಬಯಲಾದರೆ ನೌಕರನಿಗೆ ಮಾತ್ರ ತೊಂದರೆ ಅನ್ನುವ ಮಾತು ತಪ್ಪು. ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ, ಕಾಗದದ ಮೇಲೆ. ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡುವ ವಿಸಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆ 2014ರಲ್ಲಿ ಸಂಸತ್ತಿನಲ್ಲಿ ಪಾಸಾಗಿ ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ದೂರುದಾರನ ಗುರುತು ಬಯಲು ಮಾಡಿದವರಿಗೆ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಆದರೆ ಇಂದಿನಿಂದ ಜಾರಿ ಅನ್ನುವ ಅಧಿಸೂಚನೆ ನಾನು ಇದನ್ನು ಬರೆಯುವವರೆಗೂ ಹೊರಬಿದ್ದಿಲ್ಲ. ಹಾಗಾಗಿ ನನ್ನ ಪತ್ರದ ಮೇಲೆ ಹಸಿರು ಶಾಯಿಯಲ್ಲಿ ಬರೆದವರಿಗೆ ಈ ಕಾಯ್ದೆಯ ಭಯವಿಲ್ಲ.

ಕೇಂದ್ರ ಸರ್ಕಾರದ ಇಲಾಖೆ, ರೈಲ್ವೆ, ಸರ್ಕಾರಿ ಬ್ಯಾಂಕು, ಕೇಂದ್ರದ ಉದ್ದಿಮೆಗಳಲ್ಲಿ ಇರುವವರಿಗೆ ಪರಿಸ್ಥಿತಿ ಸ್ವಲ್ಪ ವಾಸಿ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಬರೆದಿದ್ದರು. ಆ ಪತ್ರ ಕಚೇರಿಯಿಂದ ಕಚೇರಿಗೆ ಹೆಸರಿನ ಸಮೇತ ಓಡಾಡಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಆ ಗದ್ದಲದ ನಂತರವೇ 2004ರಲ್ಲಿ ಪಿಐಡಿಪಿಐ ನಿರ್ಣಯ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡುವವರ ರಕ್ಷಣೆಯ ಕೇಂದ್ರ ಸರ್ಕಾರದ ನಿರ್ಣಯ ಬಂದದ್ದು. ಅದರ ಪ್ರಕಾರ ದೂರು ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಹೋಗಬೇಕು. ಲಕೋಟೆಯ ಮೇಲೆ ಇದು ಪಿಐಡಿಪಿಐ ದೂರು ಅಂತ ಬರೆದಿರಲೇಬೇಕು, ನಿಮ್ಮ ಹೆಸರು ಮಾತ್ರ ಲಕೋಟೆಯ ಮೇಲೆ ಇರಬಾರದು. ಹೆಸರು, ವಿಳಾಸ ಒಳಗೆ ಇರಲಿ, ಬೇರೆ ಹಾಳೆಯಲ್ಲಿದ್ದರೆ ಇನ್ನೂ ಒಳ್ಳೆಯದು. ದೂರಿನಲ್ಲಿ ನಿಮ್ಮ ಗುರುತು ಸಿಗುವಂಥ ಮಾತು ಬೇಡ. ನಮ್ಮವರಿಗೆ ಒಂದು ಚಟ ಇದೆ ಅಲ್ವಾ, ಕೆಳಗೆ ‘ಪ್ರತಿ’ ಅಂತ ಹಾಕಿ ಮಂತ್ರಿಯಿಂದ ಪತ್ರಿಕೆಯವರೆಗೆ ಎಲ್ಲರಿಗೂ ಕಳಿಸುವುದು? ಇಲ್ಲಿ ಅದು ನಡೆಯುವುದಿಲ್ಲ. ಇದೇ ದೂರನ್ನು ಬೇರೆಯವರಿಗೂ ಕೊಟ್ಟಿದ್ದೀರಾ ಅಂತ ಆಯೋಗ ನಿಮ್ಮಿಂದ ಬರೆಸಿಕೊಳ್ಳುತ್ತದೆ.

ಈ ಏರ್ಪಾಡು ರಾಜ್ಯ ಸರ್ಕಾರದ ನೌಕರರಿಗೆ, ರಾಜ್ಯದ ನಿಗಮಗಳಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲೂ ಜೀವ ಹೋಗಿದೆ. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿದ್ದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರ ಮೇಲೆ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಹಲ್ಲೆಯಾಗಿ ತೀರಿಕೊಂಡರು.

ನಮಗೆ ಉಳಿದಿರುವುದು ಲೋಕಾಯುಕ್ತ. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಲಂಚದ ಪ್ರಕರಣಗಳೂ ಮತ್ತೆ ಅಲ್ಲಿಗೇ ಬಂದಿವೆ. ಇಲಾಖೆಯ ಜಾಗೃತ ಕೋಶಕ್ಕಿಂತ ಅದೇ ಮೇಲು, ಯಾಕೆಂದರೆ ವರದಿ ಕೇಳುವವರು ನಿಮ್ಮ ಸಾಹೇಬರ ಸ್ನೇಹಿತರಲ್ಲ. ಆದರೆ ಅಲ್ಲೂ ಹೆಸರು ಮುಚ್ಚಿರುತ್ತದೆ ಅಂತ ನಂಬಿ ಹೋಗಬೇಡಿ. ದೂರು ನಿಗದಿತ ನಮೂನೆಯಲ್ಲಿರಬೇಕು, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. 1984ರ ಲೋಕಾಯುಕ್ತ ಕಾಯ್ದೆಯ ಪ್ರಕಾರ, ತನಿಖೆಗೆ ಎತ್ತಿಕೊಂಡರೆ ದೂರಿನ ಪ್ರತಿ ಆರೋಪಿ ನೌಕರನಿಗೂ ಹೋಗುತ್ತದೆ. ಹೋಗುವವರು ಇದಕ್ಕೆ ತಯಾರಾಗಿ ಹೋಗಿ.

ದಾಖಲೆಗಳನ್ನು ಕಚೇರಿಯಿಂದ ನೀವೇ ಜೆರಾಕ್ಸ್ ಮಾಡಿ ತರುವ ಬದಲು, ಹೊರಗಿನವರೊಬ್ಬರು ಆರ್‌ಟಿಐನಲ್ಲಿ ಕೇಳಿದರೆ ನಕಲಿನ ಮೂಲದ ಪ್ರಶ್ನೆ ನಿಮ್ಮ ಹತ್ತಿರ ಬರುವುದಿಲ್ಲ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಅದು ನೆನಪಿರಲಿ. ನನ್ನ ಪತ್ರ ಎಲ್ಲೆಲ್ಲಿ ಸುತ್ತಿತು, ಹಸಿರು ಶಾಯಿಯಲ್ಲಿ ಏನಿತ್ತು ಅನ್ನುವುದು ನನಗೂ ಸಿಕ್ಕಿದ್ದು ಆರ್‌ಟಿಐನಿಂದಲೇ.

ಇನ್ನೊಂದು ಮಾತು. ದೂರು ಹೋದ ಮೇಲೆ “ಕೇಂದ್ರ ಕಚೇರಿಯಿಂದ ಮಾತಾಡ್ತಿದ್ದೀವಿ, ದೂರು ಕೊಟ್ಟಿದ್ದು ನೀವೇ ತಾನೇ?” ಅಂತ ಫೋನ್ ಬಂದರೆ ಹೌದು ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ. ಏನೇ ಇದ್ದರೂ ಲಿಖಿತವಾಗಿ ಮನೆ ವಿಳಾಸಕ್ಕೆ ಕಳಿಸಿ ಅಂತ ಹೇಳಿ ಇಟ್ಟುಬಿಡಿ. ನನಗೆ ಹಾಗೆ ಫೋನ್ ಮಾಡಿದವನು ಗುತ್ತಿಗೆದಾರನ ಕಡೆಯವನು.