‘ನೀಡ್ಸ್ ವಾಷ್ಡ್’ ತಪ್ಪೋ ಸರಿಯೋ? ಯೇಲ್ ವಿಶ್ವವಿದ್ಯಾಲಯದ ಉಚಿತ ವ್ಯಾಕರಣ ತಾಣದ ವಿಮರ್ಶೆ

ಪಿಟ್ಸ್‌ಬರ್ಗ್ ಕಡೆಯ ಅಮೆರಿಕನ್ ಸಹೋದ್ಯೋಗಿ ‘ದ ರಿಪೋರ್ಟ್ ನೀಡ್ಸ್ ಫಿಕ್ಸ್ಡ್’ ಎಂದು ಮೇಲ್ ಕಳಿಸಿದರೆ, ಬೆಂಗಳೂರಿನಲ್ಲಿ ಅದನ್ನು ಓದುವವರಿಗೆ ‘ನೀಡ್ಸ್ ಟು ಬಿ ಫಿಕ್ಸ್ಡ್’ ಎನ್ನುವಲ್ಲಿನ ‘ಟು ಬಿ’ ಬಿಟ್ಟುಹೋಗಿದೆ ಅನ್ನಿಸುತ್ತದೆ. ವ್ಯಾಕರಣ ತಿದ್ದುವ ಆ್ಯಪ್ ಅದಕ್ಕೆ ಕೆಂಪು ಗೆರೆ ಎಳೆದರೂ ಆಶ್ಚರ್ಯವಿಲ್ಲ. ನಿಜಕ್ಕೂ ಅಲ್ಲಿ ಏನೂ ಬಿಟ್ಟುಹೋಗಿಲ್ಲ. ಪಶ್ಚಿಮ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಸೀಮೆಯಲ್ಲಿ ವಕೀಲರೂ ಮೇಷ್ಟ್ರುಗಳೂ ಹೀಗೇ ಮಾತಾಡುತ್ತಾರೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಿಂದ ವಲಸೆ ಬಂದವರ ಮಾತಿನಿಂದ ಉಳಿದುಬಂದ ರೂಪ ಅದು. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಇದು ತಮ್ಮ ಸೀಮೆಯ ವಿಶೇಷ ಎಂಬುದೇ ಗೊತ್ತಿರುವುದಿಲ್ಲ.

ಇಂಥ ಅನುಮಾನ ಬಂದಾಗ ನೋಡಬೇಕಾದ ತಾಣ ‘ಯೇಲ್ ಗ್ರಮ್ಯಾಟಿಕಲ್ ಡೈವರ್ಸಿಟಿ ಪ್ರಾಜೆಕ್ಟ್’. ನಡೆಸುವುದು ಯೇಲ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು. ರಫಾಯೆಲ್ಲಾ ಝನುಟ್ಟಿನಿ, ಜಿಮ್ ವುಡ್, ಲಾರೆನ್ಸ್ ಹಾರ್ನ್ ಇದರ ಹಿಂದಿನ ಮುಖ್ಯ ಹೆಸರುಗಳು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಉತ್ತರ ಅಮೆರಿಕದ ಆಡುಮಾತಿನ ಇಂಗ್ಲಿಷಿನಲ್ಲಿ ಶಾಲೆಯ ವ್ಯಾಕರಣಕ್ಕೆ ಹೊಂದದ ವಾಕ್ಯರಚನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾರು ಹೀಗೆ ಹೇಳುತ್ತಾರೆ, ಇದರೊಳಗಿನ ನಿಯಮ ಏನು ಎಂದು ವಿವರಿಸುವುದು ಇದರ ಕೆಲಸ.

ಇದರಲ್ಲಿ ಏನು ಸಿಗುವುದಿಲ್ಲ ಎನ್ನುವುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಇದು ನಿಘಂಟಲ್ಲ. ಪ್ರಾದೇಶಿಕ ಪದಗಳು ಬೇಕಾದವರಿಗೆ ‘ಡಿಕ್ಷನರಿ ಆಫ್ ಅಮೆರಿಕನ್ ರೀಜನಲ್ ಇಂಗ್ಲಿಷ್’ ಇದೆ; 1965ರಿಂದ 1970ರವರೆಗೆ 1,002 ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡಿ, 1985ರಿಂದ 2012ರವರೆಗೆ ಸಂಪುಟಗಳಾಗಿ ತಂದ ಮಹಾಕೆಲಸ ಅದು. ಉಚ್ಚಾರಣೆಯೂ ಇಲ್ಲಿಲ್ಲ. 2013ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ, ಪ್ರಶ್ನೆಗಳಿಗೆ ಉತ್ತರಿಸಿದರೆ ನಿಮ್ಮ ಊರು ಊಹಿಸುವ ರಸಪ್ರಶ್ನೆಯನ್ನು ಆಡಿದವರು ಅಂಥದ್ದನ್ನೇ ನಿರೀಕ್ಷಿಸಿ ಬಂದರೆ ನಿರಾಶೆಯಾದೀತು. ಅಲ್ಲಿ ಮುಖ್ಯವಾಗಿ ಪದ ಮತ್ತು ಉಚ್ಚಾರಣೆ. ಇಲ್ಲಿ ವಾಕ್ಯ ಮಾತ್ರ.

ಪ್ರತಿ ಪುಟದ ಅಚ್ಚು ಹೆಚ್ಚುಕಡಿಮೆ ಒಂದೇ. ಮೇಲೆ ಉದಾಹರಣೆ ವಾಕ್ಯ, ಆಮೇಲೆ ‘ಹೂ ಸೇಸ್ ದಿಸ್’ ಎಂಬ ಭಾಗ, ಅದಾದ ಮೇಲೆ ವಾಕ್ಯರಚನೆಯ ಗುಣಗಳು, ಕೊನೆಗೆ ಆಕರಗಳು. ಈ ತಾಣದ ನಿಜವಾದ ಬೆಲೆ ಇರುವುದು ಮೂರನೆಯ ಭಾಗದಲ್ಲಿ. ಆದರೆ ಹೆಚ್ಚಿನವರು ಎರಡನೆಯದನ್ನು ಓದಿ, ‘ಓ, ಒಹಾಯೊದವರು’ ಎಂದು ಪುಟ ಮುಚ್ಚಿಬಿಡುತ್ತಾರೆ.

‘ನೀಡ್ಸ್ ವಾಷ್ಡ್’ ರಚನೆಯನ್ನೇ ನೋಡಿ (ಮೊದಲಿನ ‘ನೀಡ್ಸ್ ಫಿಕ್ಸ್ಡ್’ ಕೂಡ ಇದೇ ರಚನೆ). ಅದನ್ನು ಬಳಸುವವರು ಸಿಕ್ಕಸಿಕ್ಕ ಕ್ರಿಯಾಪದದ ಜೊತೆಗೆ ಬಳಸುವುದಿಲ್ಲ. ನೀಡ್, ವಾಂಟ್, ಲೈಕ್ ಈ ಮೂರರ ಜೊತೆ ಬರುತ್ತದೆ, ಅದೂ ಮೆಟ್ಟಿಲು ಮೆಟ್ಟಿಲಾಗಿ. ‘ದ ಬೇಬಿ ಲೈಕ್ಸ್ ಕಡಲ್ಡ್’ ಸರಿ ಎನ್ನುವವರು ‘ದ ಕ್ಯಾಟ್ ವಾಂಟ್ಸ್ ಫೆಡ್’ ಕೂಡ ಸರಿ ಎನ್ನುತ್ತಾರೆ. ‘ವಾಂಟ್ಸ್’ ಒಪ್ಪುವವರು ‘ನೀಡ್ಸ್’ ಒಪ್ಪುತ್ತಾರೆ. ತಿರುಗಿಸಿ ನೋಡಿದರೆ ಹಾಗಿಲ್ಲ: ‘ನೀಡ್ಸ್ ವಾಷ್ಡ್’ ಎಂದು ದಿನವೂ ಹೇಳುವ ಎಷ್ಟೋ ಜನ ‘ಲೈಕ್ಸ್ ಕಡಲ್ಡ್’ ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ. ಸೋಮಾರಿತನದಿಂದ ‘ಟು ಬಿ’ ನುಂಗಿದ್ದಾದರೆ ಇಂಥ ಮೆಟ್ಟಿಲು ಎಲ್ಲಿಂದ ಬರಬೇಕು?

ಕಪ್ಪು ಅಮೆರಿಕನ್ನರ ಇಂಗ್ಲಿಷಿನ ‘ಬಿ’ ಇನ್ನೂ ಸೂಕ್ಷ್ಮ. ಇದು ‘ಇನ್‌ವೇರಿಯಂಟ್ ಬಿ’ ಎಂಬ ಶೀರ್ಷಿಕೆಯಡಿ ಸಿಗುತ್ತದೆ. ‘ಶಿ ಬಿ ವರ್ಕಿಂಗ್’ ಎಂದರೆ ಅವಳು ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತಾಳೆ ಎಂದರ್ಥ. ಈ ಗಳಿಗೆಯಲ್ಲಿ ಅವಳು ನಿದ್ದೆ ಮಾಡುತ್ತಿರಬಹುದು. ಈಗಿನ ಮಾತಾದರೆ ‘ಶಿ ವರ್ಕಿಂಗ್’. ಹಾಗಾಗಿ ‘ಶಿ ಬಿ ವರ್ಕಿಂಗ್ ರೈಟ್ ನೌ’ ಎನ್ನುವುದು ಆ ಭಾಷೆಯಲ್ಲೇ ತಪ್ಪು. ಅಲ್ಲಗಳೆಯುವಾಗ ‘ಡೋಂಟ್’ ಬೇಕು: ‘ಶಿ ಡೋಂಟ್ ಬಿ ವರ್ಕಿಂಗ್’. ರ‍್ಯಾಪ್ ಹಾಡು ಕೇಳಿ ಅಣಕ ಮಾಡುವವರು ಎಡವುವುದು ಇಲ್ಲೇ. ಎಲ್ಲ ‘ಈಸ್’ ಕಿತ್ತು ‘ಬಿ’ ಹಾಕಿದರೆ ಮುಗಿಯಿತು ಅಂದುಕೊಂಡಿರುತ್ತಾರೆ. ಸಂಶೋಧಕಿ ಜಾನಿಸ್ ಜಾಕ್ಸನ್ ಅವರು ಮಕ್ಕಳ ಮುಂದೆ ಒಂದು ಚಿತ್ರ ಇಟ್ಟು ಮಾಡಿದ ಪ್ರಯೋಗ ಪ್ರಸಿದ್ಧ. ಮಕ್ಕಳ ಟಿವಿ ಕಾರ್ಯಕ್ರಮದ ಬಿಸ್ಕತ್ತುಪ್ರಿಯ ಗೊಂಬೆ ಕುಕೀ ಮಾನ್‌ಸ್ಟರ್ ಹುಷಾರಿಲ್ಲದೆ ಹಾಸಿಗೆಯಲ್ಲಿದೆ, ಬಿಸ್ಕತ್ತು ತಿನ್ನುತ್ತಿರುವುದು ಎಲ್ಮೊ. ‘ಹೂ ಈಸ್ ಈಟಿಂಗ್ ಕುಕೀಸ್’ ಎಂದರೆ ಮಕ್ಕಳು ಎಲ್ಮೊ ಕಡೆ ಬೆರಳು ತೋರಿಸಿದರು. ‘ಹೂ ಬಿ ಈಟಿಂಗ್ ಕುಕೀಸ್’ ಎಂದಾಗ ಈ ಇಂಗ್ಲಿಷ್ ಆಡುವ ಕಪ್ಪು ಮಕ್ಕಳು ತೋರಿಸಿದ್ದು ಕುಕೀ ಮಾನ್‌ಸ್ಟರನ್ನು. ಯಾವಾಗಲೂ ತಿನ್ನುವುದು ಅದೇ ತಾನೆ!

ಉಳಿದವುಗಳಲ್ಲಿ ತಪ್ಪದೆ ತೆರೆಯಬೇಕಾದ ಪುಟಗಳು ಇನ್ನೂ ಇವೆ. ದಕ್ಷಿಣದ ರಾಜ್ಯಗಳ ‘ಮೈಟ್ ಕುಡ್’ನಲ್ಲಿ ಎರಡು ಸಹಾಯಕ ಕ್ರಿಯಾಪದ ಒಟ್ಟಿಗೆ ಬರುತ್ತವೆ, ಆದರೆ ‘ಕುಡ್ ಮೈಟ್’ ಎಂದು ಅದಲುಬದಲು ಮಾಡುವವರು ಅಪರೂಪ. ಮಾತನ್ನು ಮೆತ್ತಗೆ ಮಾಡಲು, ಎದುರಿನವರ ಮನಸ್ಸು ನೋಯಿಸದೆ ಕೇಳಲು ಅದು ಹೆಚ್ಚು ಬಳಕೆಯಾಗುತ್ತದೆ. ಬಾಸ್ಟನ್ ಸುತ್ತಲಿನ ‘ಸೋ ಡೋಂಟ್ ಐ’ ಹೊಸಬರನ್ನು ಪೂರ್ತಿ ದಾರಿ ತಪ್ಪಿಸುತ್ತದೆ: ‘ಡೋಂಟ್’ ಇದ್ದರೂ ಅರ್ಥ ‘ನಾನೂ ಹಾಗೇ’ ಎಂದು. ಅಪಲೇಚಿಯ ಬೆಟ್ಟಗಳ ‘ಎ-ಹಂಟಿಂಗ್’ ರೂಪದ ಪುಟವೂ ಹೀಗೆಯೇ ಬೆರಗು ಹುಟ್ಟಿಸುತ್ತದೆ. ಆ ‘ಎ’ ಕ್ರಿಯಾಪದಕ್ಕೆ ಮಾತ್ರ ಹತ್ತುತ್ತದೆ, ನಾಮಪದದಂತೆ ಬಳಸಿದ ‘ಇಂಗ್’ ರೂಪಕ್ಕೆ ಹತ್ತುವುದಿಲ್ಲ, ‘ಬೈ’ ಥರದ ಪದದ ನಂತರವೂ ಬರುವುದಿಲ್ಲ.

ಈಗ ಬಳಸುವ ಬಗೆ. ಮೊದಲ ತೊಡಕು ಹುಡುಕಾಟ. ಕೆಲವು ಪುಟಗಳಿಗೆ ಉದಾಹರಣೆಯದೇ ಹೆಸರಿದೆ, ‘ನೀಡ್ಸ್ ವಾಷ್ಡ್’ ಎಂದು ಹುಡುಕಿದರೆ ಸೀದಾ ಸಿಗುತ್ತದೆ. ಕೆಲವಕ್ಕೆ ಭಾಷಾವಿಜ್ಞಾನದ ಪರಿಭಾಷೆಯೇ ಹೆಸರು. ‘ಐ ಡೋಂಟ್ ನೋ ನಥಿಂಗ್’ ಎಂದು ಟೈಪ್ ಮಾಡುವವರಿಗೆ ‘ನೆಗೆಟಿವ್ ಕನ್‌ಕಾರ್ಡ್’ (ಒಂದೇ ‘ಇಲ್ಲ’ವನ್ನು ವಾಕ್ಯದಲ್ಲಿ ಎರಡು ಕಡೆ ಹೇಳುವುದು) ಎಂಬ ಪುಟ ಹೊಳೆಯುವುದಾದರೂ ಹೇಗೆ? ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿಬಿಡುವುದೇ ಸುಲಭ. ಇಲ್ಲವಾದರೆ ಗೂಗಲ್‌ನಲ್ಲಿ ತಾಣದ ಹೆಸರಿನ ಜೊತೆ ಕೇಳಿದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಹುಡುಕುವ ಮುಂಚೆ ವಾಕ್ಯವನ್ನು ಇಡಿಯಾಗಿ ಬರೆದುಕೊಳ್ಳಿ, ಮಾತಾಡಿದವರು ಬೆಳೆದ ಊರು ಗೊತ್ತಿದ್ದರೆ ಅದನ್ನೂ. ಅರ್ಧ ವಾಕ್ಯ ಇಟ್ಟುಕೊಂಡು ಹೋದರೆ ಪುಟ ಸಿಕ್ಕರೂ ಅದೇ ರಚನೆ ಹೌದೋ ಅಲ್ಲವೋ ತೀರ್ಮಾನವಾಗುವುದಿಲ್ಲ.

ಉದಾಹರಣೆಗಳ ಆರಂಭದಲ್ಲಿರುವ ಚಿಹ್ನೆಗಳನ್ನು ಕಡೆಗಣಿಸಬೇಡಿ. ನಕ್ಷತ್ರ ಇದ್ದರೆ ಆ ವಾಕ್ಯವನ್ನು ಆ ಉಪಭಾಷೆಯವರೂ ಒಪ್ಪುವುದಿಲ್ಲ ಎಂದರ್ಥ. ಪ್ರಶ್ನಾರ್ಥಕ ಇದ್ದರೆ ಅನುಮಾನ. ಕಲಿಯಬೇಕಾದದ್ದು ಹೆಚ್ಚಾಗಿ ನಕ್ಷತ್ರ ಇರುವ ವಾಕ್ಯಗಳಿಂದಲೇ, ಏಕೆಂದರೆ ನಿಯಮದ ಅಂಚು ಕಾಣುವುದು ಅಲ್ಲಿ. ಬರಹದಲ್ಲಿ ಒತ್ತು ಕಾಣುವುದಿಲ್ಲ ಎಂಬುದೂ ನೆನಪಿರಲಿ. ಕಪ್ಪು ಅಮೆರಿಕನ್ನರ ಇಂಗ್ಲಿಷಿನಲ್ಲಿ ‘ಶಿ ಬಿನ್ ಮ್ಯಾರೀಡ್’ ಎನ್ನುವಾಗ ‘ಬಿನ್’ ಮೇಲೆ ಒತ್ತು ಬಿದ್ದರೆ ಅವಳ ಮದುವೆಯಾಗಿ ಬಹಳ ಕಾಲವಾಯಿತು, ಈಗಲೂ ಸಂಸಾರದಲ್ಲಿದ್ದಾಳೆ ಎಂದರ್ಥ. ಭಾಷಾವಿಜ್ಞಾನಿ ಜಾನ್ ರಿಕ್‌ಫರ್ಡ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಾಕ್ಯ ಕೇಳಿಸಿ, ‘ಅವಳಿಗೆ ಈಗಲೂ ಗಂಡ ಇದ್ದಾನಾ?’ ಎಂದು ಕೇಳಿದಾಗ ಹೌದು ಎಂದವರು 25 ಕಪ್ಪು ಜನರಲ್ಲಿ 23, 25 ಬಿಳಿಯರಲ್ಲಿ 8. ಒಂದೇ ದೇಶ, ಒಂದೇ ವಾಕ್ಯ, ಅರ್ಥ ಮಾತ್ರ ತಿರುವುಮುರುವು. ಇಂಥ ಪುಟಗಳಲ್ಲಿ ಒತ್ತು ತೋರಿಸಲು ದೊಡ್ಡಕ್ಷರ ಇರುತ್ತದೆ, ಅದನ್ನು ಗಮನಿಸಿ ಓದಬೇಕು.

ತಾಣದಲ್ಲಿರುವ ನಕ್ಷೆಗಳು ನೋಡಲು ಚೆಂದ, ದಾರಿ ತಪ್ಪಿಸುವುದರಲ್ಲೂ ಮುಂದು. ತಂಡದವರು ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್ (ಆನ್‌ಲೈನಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ದುಡ್ಡು ಪಡೆಯುವ ತಾಣ) ಮೂಲಕ ಜನರಿಗೆ ವಾಕ್ಯಗಳನ್ನು ಕೊಟ್ಟು 1ರಿಂದ 5ರವರೆಗೆ ಅಂಕ ಹಾಕಿಸಿದ್ದಾರೆ. 5 ಎಂದರೆ ಪೂರ್ತಿ ಒಪ್ಪಿಗೆ, 1 ಎಂದರೆ ಒಪ್ಪಲಾಗದು. ನಕ್ಷೆಯ ಚುಕ್ಕಿಗಳು ಈ ಅಂಕಗಳು. ಒಂದೇ ಊರಿನಲ್ಲಿ 5ರ ಪಕ್ಕ 1 ಇರುವುದು ಮಾಮೂಲು. ಅದು ದೋಷವಲ್ಲ, ಜನ ಇರುವುದೇ ಹಾಗೆ. ತೊಂದರೆ ಬೇರೆಡೆ ಇದೆ. ಅಂಕ ಹೇಳುವುದು ಒಪ್ಪಿಗೆಯನ್ನು, ಬಳಕೆಯನ್ನಲ್ಲ. ‘ನಾನು ಹೇಳುವುದಿಲ್ಲ, ಆದರೆ ಕೇಳಿದ್ದೇನೆ’ ಎನ್ನುವವರೂ 4 ಹಾಕಬಹುದು. ಶಾಲೆಯಲ್ಲಿ ಬೈಸಿಕೊಂಡ ನೆನಪಿರುವವರು ಮನೆಯಲ್ಲಿ ದಿನವೂ ಆಡುವ ವಾಕ್ಯಕ್ಕೇ 1 ಹಾಕಬಹುದು. ‘ಎನಿಮೋರ್’ ಪದವನ್ನು ‘ಇತ್ತೀಚೆಗೆ’ ಎಂಬರ್ಥದಲ್ಲಿ ಬಳಸುವ ಬಗ್ಗೆ ಫಿಲಡೆಲ್ಫಿಯಾದಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಕಂಡದ್ದೂ ಇದನ್ನೇ: ಅಂಥ ಮಾತು ಕೇಳಿಯೇ ಇಲ್ಲ ಎಂದು ಸಾಧಿಸಿದವರೇ ಮಾತಿನ ನಡುವೆ ಸಲೀಸಾಗಿ ಬಳಸುತ್ತಿದ್ದರು. ಆನ್‌ಲೈನ್ ಕೆಲಸ ಮಾಡದ ಹಳ್ಳಿಯ ಹಿರಿಯರು ಇಂಥ ಸಮೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗಾಗಿ ನಕ್ಷೆ ನೋಡಿ ‘ಇಲ್ಲಿಂದಾಚೆ ಹೀಗೆ’ ಎಂದು ಗೆರೆ ಎಳೆಯಲು ಹೋಗಬೇಡಿ.

ತಾಣದ ದೊಡ್ಡ ಕೊರತೆ ಎಂದರೆ, ಈ ಮಾತುಗಳನ್ನು ಆಡಿದವರಿಗೆ ಸಮಾಜ ಏನು ಬೆಲೆ ಕಟ್ಟುತ್ತದೆ ಎನ್ನುವುದು ಇದರ ಕೇಂದ್ರದಲ್ಲಿಲ್ಲ. ವ್ಯಾಕರಣವನ್ನಷ್ಟೇ ನೋಡುತ್ತೇವೆ ಎನ್ನುವುದು ನ್ಯಾಯವೇ ಇರಬಹುದು, ಆದರೆ ಓದುಗ ಇಲ್ಲಿಗೆ ಬರುವುದೇ ‘ಇದು ತಪ್ಪಲ್ಲವೇ?’ ಎಂಬ ಪ್ರಶ್ನೆ ಹಿಡಿದು. ಭಾಷಾವಿಜ್ಞಾನಿ ಡೆನ್ನಿಸ್ ಪ್ರೆಸ್ಟನ್ ಜನರಿಂದಲೇ ರಾಜ್ಯಗಳಿಗೆ ಅಂಕ ಹಾಕಿಸಿದಾಗ, ಮಿಷಿಗನ್‌ನವರು ಸರಿಯಾದ ಇಂಗ್ಲಿಷ್ ತಮ್ಮದೇ ಎಂದು ನಂಬಿದ್ದರು, ದಕ್ಷಿಣಕ್ಕೆ ತೀರಾ ಕಡಿಮೆ ಕೊಟ್ಟರು. ಅಲಬಾಮಾದವರು ಇಂಪಿಗೆ ತಮ್ಮ ಮಾತಿಗೇ ಮೇಲಿನ ಅಂಕ ಕೊಟ್ಟುಕೊಂಡರೂ, ಸರಿತನದ ಲೆಕ್ಕದಲ್ಲಿ ಅಷ್ಟು ಧೈರ್ಯ ಮಾಡಲಿಲ್ಲ. (ಧಾರವಾಡದ ಕನ್ನಡವನ್ನು ಕಾಮಿಡಿ ಪಾತ್ರದ ಬಾಯಲ್ಲೇ ಹೆಚ್ಚು ಕೇಳುತ್ತ ಬಂದ ನಮಗೆ ಇದು ಹೊಸತಲ್ಲ.) ಇದರ ಪರಿಣಾಮ ನಗೆಯಲ್ಲಿ ಮುಗಿಯುವುದಿಲ್ಲ. ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳುವವರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಜನರ ಇಂಗ್ಲಿಷ್ ವಾಕ್ಯಗಳಲ್ಲಿ ಪೂರ್ತಿ ಸರಿಯಾಗಿ ದಾಖಲಾದದ್ದು ಸುಮಾರು 60 ಶೇಕಡ ಮಾತ್ರ. ಸಾಕ್ಷಿಯ ಹೇಳಿಕೆಯಲ್ಲಿ ‘ಬಿ’ ಹೋಗಿ ‘ಈಸ್’ ಬಂದರೆ, ‘ಆಗಾಗ ಮಾಡುತ್ತಿರುತ್ತಾನೆ’ ಎಂಬುದು ‘ಈಗ ಮಾಡುತ್ತಿದ್ದಾನೆ’ ಆಗಿಬಿಡುತ್ತದೆ. ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದ ಶಾಲೆಯ ಪ್ರಕರಣದಲ್ಲಿ 1979ರಲ್ಲೇ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್, ಕಪ್ಪು ಮಕ್ಕಳ ಮನೆಮಾತನ್ನು ಗುರುತಿಸಿ ಅದನ್ನು ಓದು ಕಲಿಸಲು ಬಳಸುವಂತೆ ಶಿಕ್ಷಕರನ್ನು ಸಜ್ಜುಗೊಳಿಸಿ ಎಂದು ಆದೇಶಿಸಿದ್ದರು. ಆ ಶಿಕ್ಷಕರಿಗೆ ಆಗ ಇಂಥ ತಾಣ ಇದ್ದಿದ್ದರೆ ಅರ್ಧ ಕೆಲಸ ಹಗುರಾಗುತ್ತಿತ್ತು.

ಭಾರತದ ಇಂಗ್ಲಿಷ್ ಇಲ್ಲಿ ಸಿಗುವುದಿಲ್ಲ. ಈ ತಾಣ ಉತ್ತರ ಅಮೆರಿಕಕ್ಕೆ ಸೀಮಿತ. ಅದಕ್ಕೆ ‘ಇವೇವ್’ (eWAVE) ಎಂಬ ಇನ್ನೊಂದು ಉಚಿತ ತಾಣ ಬೇಕು. 2020ರ ಮೂರನೆಯ ಆವೃತ್ತಿಯಲ್ಲಿ 77 ಬಗೆಯ ಇಂಗ್ಲಿಷ್, 235 ವ್ಯಾಕರಣ ಲಕ್ಷಣಗಳಿವೆ. ಪ್ರತಿ ಬಗೆಯಲ್ಲಿ ಒಂದೊಂದು ಲಕ್ಷಣ ಎಷ್ಟರಮಟ್ಟಿಗೆ ಇದೆ ಎಂದು ತಜ್ಞರು ದರ್ಜೆ ಕೊಟ್ಟಿದ್ದಾರೆ: ಎ ಎಂದರೆ ಎಲ್ಲೆಲ್ಲೂ ಇದೆ, ಬಿ ಎಂದರೆ ತಕ್ಕಮಟ್ಟಿಗೆ, ಸಿ ಎಂದರೆ ಬಹಳ ಅಪರೂಪ, ಡಿ ಎಂದರೆ ಇಲ್ಲ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಥರದ, ನಮ್ಮಲ್ಲಿ ಮೇಷ್ಟ್ರುಗಳು ಬೆತ್ತ ಹಿಡಿದು ತಿದ್ದುವ ರಚನೆಯೂ ಅಲ್ಲಿ ಒಂದು ಲಕ್ಷಣವಾಗಿ ಪಟ್ಟಿಯಲ್ಲಿದೆ, ಎಷ್ಟು ದೇಶಗಳಲ್ಲಿ ಹೀಗೆ ಹೇಳುತ್ತಾರೆ ಎಂದು ನಕ್ಷೆಯಲ್ಲೇ ನೋಡಬಹುದು. ನಾವು ನಗಲು ಬಳಸುವ ‘ಬಟ್ಲರ್ ಇಂಗ್ಲಿಷ್’ಗೂ ಪ್ರತ್ಯೇಕ ನಮೂದಿದೆ. ಆದರೆ ಇವೇವ್‌ನಲ್ಲಿ ಒಂದೊಂದು ರಚನೆಯ ವಿವರಣೆ ಬಲು ಚಿಕ್ಕದು. ಅಗಲಕ್ಕೆ ಇವೇವ್, ಆಳಕ್ಕೆ ಯೇಲ್ ಎಂದಿಟ್ಟುಕೊಂಡು ಎರಡನ್ನೂ ಅಕ್ಕಪಕ್ಕದ ಟ್ಯಾಬಿನಲ್ಲಿ ತೆರೆದರೆ ಕೆಲಸ ಸಲೀಸು.

ಯಾರಿಗೆ ಉಪಯೋಗ? ಅಮೆರಿಕನ್ ಸಿನಿಮಾ, ಸರಣಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವರಿಗೆ ಕಣ್ಣು ಮುಚ್ಚಿಕೊಂಡು ಶಿಫಾರಸು ಮಾಡಬಹುದು. ‘ಸೋ ಡೋಂಟ್ ಐ’ಯನ್ನು ‘ನಾನಂತೂ ಇಲ್ಲ’ ಎಂದು ಅನುವಾದಿಸಿದರೆ ದೃಶ್ಯವೇ ತಲೆಕೆಳಗಾಗುತ್ತದೆ. ಒಹಾಯೊ, ಟೆಕ್ಸಸ್ ಕಡೆಯ ಗ್ರಾಹಕರ ಜೊತೆ ಕರೆಗಳಲ್ಲಿ ಮಾತಾಡುವವರಿಗೆ, ಅಲ್ಲಿ ಶಾಲೆಗೆ ಹೋಗುವ ಮಕ್ಕಳು ಮನೆಗೆ ತರುವ ಹೊಸ ವಾಕ್ಯಗಳನ್ನು ಕೇಳಿ ಗಾಬರಿಯಾಗುವ ಅಪ್ಪ ಅಮ್ಮಂದಿರಿಗೆ, ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೂ ಸರಿ. ಐಇಎಲ್‌ಟಿಎಸ್‌ಗೆ ತಯಾರಾಗುವವರು ದೂರವಿಡುವುದು ಮೇಲು. ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿನ ವಿಭಾಗದ ನಾಲ್ಕು ಮಾನದಂಡಗಳಲ್ಲಿ ಒಂದು ವ್ಯಾಕರಣದ ವ್ಯಾಪ್ತಿ ಮತ್ತು ನಿಖರತೆ; ಪರೀಕ್ಷಕರ ಮುಂದೆ ‘ಮೈಟ್ ಕುಡ್’ ಎಂದು ಆಮೇಲೆ ಯೇಲ್ ಪುಟ ತೋರಿಸಲು ಆಗುವುದಿಲ್ಲ. ಪರಿಭಾಷೆಯ ಪರಿಚಯವಿಲ್ಲದ ಶಾಲಾ ಶಿಕ್ಷಕರಿಗೆ ಮೊದಲು ‘ನೀಡ್ಸ್ ವಾಷ್ಡ್’, ಆಮೇಲೆ ‘ಇನ್‌ವೇರಿಯಂಟ್ ಬಿ’, ಮೂರನೆಯದಾಗಿ ‘ನೆಗೆಟಿವ್ ಕನ್‌ಕಾರ್ಡ್’ ಈ ಕ್ರಮದಲ್ಲಿ ಓದಲು ಹೇಳಬಹುದು. ಮೊದಲ ಎರಡರಲ್ಲಿ ಪರಿಭಾಷೆಯ ಕಾಟ ಕಡಿಮೆ. ಮೂರನೆಯದನ್ನು ಒಂದೇ ಗುಕ್ಕಿಗೆ ಮುಗಿಸಲು ಹೋಗದೆ, ಉದಾಹರಣೆಗಳನ್ನು ಗಟ್ಟಿಯಾಗಿ ಓದಿಕೊಂಡು ನಿಧಾನವಾಗಿ ಸಾಗುವುದು ಒಳ್ಳೆಯದು.